ಬಾಡಿಗೆ ನೆಲದ ಬಳ್ಳಿ

ಬೀಗ ತೆಗೆದ ಕೂಡಲೇ ಬಾವಲಿ ಹಿಕ್ಕೆಯ ನಾತ ಮುಖಕ್ಕೆ ಬಡಿಯಿತು. ಶ್ಯಾಮಳ ಶಾಲನ್ನು ಮೂಗಿಗೆ ಒತ್ತಿಕೊಂಡು ಗಂಡನ ಕಡೆ ನೋಡಿದಳು. ರಜೀಶ್ ಗೋಡೆ ನೋಡಿದ, ಮಾಡು ನೋಡಿದ, ಅವಳ ಮುಖ ಮಾತ್ರ ನೋಡಲಿಲ್ಲ. ನೋಡಲು ಮುಖವಾದರೂ ಎಲ್ಲಿತ್ತು! ಮೀನಂಗಡಿ ಅನ್ನುವ ಊರಲ್ಲಿ ಒಳ್ಳೆಯ ಮನೆ ಸಿಕ್ಕಿದೆ ಅಂತ ಬಸ್ಸಿನುದ್ದಕ್ಕೂ ಹೊಗಳಿಕೊಂಡು ಬಂದವನು ಅವನೇ.

ಒಳ್ಳೆಯ ಮನೆಯಂತೆ ಒಳ್ಳೆಯ ಮನೆ! ಹಂಚು ಅಲ್ಲಲ್ಲಿ ಒಡೆದು ಆಕಾಶ ಕಾಣುತ್ತಿತ್ತು. ಬಾಗಿಲ ಚೌಕಟ್ಟನ್ನು ಗೆದ್ದಲು ತಿಂದು ಬರೀ ಬಣ್ಣ ಉಳಿಸಿತ್ತು. ಒಲೆಯೊಳಗೆ ಯಾವುದೋ ಬೆಕ್ಕು ಮರಿ ಹಾಕಿ ಹೋಗಿತ್ತು. ಮನೆಯ ಯಜಮಾನ ವೇಲಾಯುಧನ್ ತನ್ನ ತಾಯಿ ತೀರಿಕೊಂಡ ಮೇಲೆ ಇದಕ್ಕೆ ಬೀಗ ಜಡಿದು, ಮೇಲಿನ ದಿಣ್ಣೆಯಲ್ಲಿ ಟೆರೇಸ್ ಮನೆ ಕಟ್ಟಿಸಿಕೊಂಡಿದ್ದ. ಅವನ ಜಗಲಿಯಲ್ಲಿ ನಿಂತರೆ ಈ ಅಂಗಳ ಪೂರ್ತಿ ಕಾಣುತ್ತಿತ್ತು.

"ಇಲ್ಲಿ ಮನುಷ್ಯರು ಇರ್ತಾರಾ?" ಅಂದಳು ಶ್ಯಾಮಳ.

"ಆನೆ ಬರಲ್ಲ ಅಲ್ವಾ? ಅಷ್ಟು ಸಾಕು" ಅಂದ ರಜೀಶ್.

ಬೇಗೂರಿನ ಕಾಡಂಚಿನಲ್ಲಿ ಅವರಿಗೆ ಸ್ವಂತ ಮನೆಯಿತ್ತು, ಗದ್ದೆಯಿತ್ತು. ರಜೀಶನ ಹಿರೀಕರು ಕನ್ನಡ ಸೀಮೆಯಿಂದ ಈ ಮಲಯಾಳ ಸೀಮೆಗೆ ಬಂದು ಅಲ್ಲಿ ಬೇರು ಬಿಟ್ಟವರು. ಆನೆ ಅಡುಗೆಮನೆಯ ಗೋಡೆ ಕೆಡವಿದ ದಿನ ಮಗಳು ಗ್ರೀಷ್ಮ ಆ ಗೋಡೆಯ ಮಗ್ಗುಲಲ್ಲೇ ಮಲಗಿದ್ದಳು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಆಮೇಲೆ ಎಂಟು ವರ್ಷದ ಹುಡುಗಿ ಪಾತ್ರೆ ಬಿದ್ದ ಸದ್ದಿಗೂ ಬೆಚ್ಚಿ ಅಮ್ಮನನ್ನು ಅವುಚಿಕೊಳ್ಳತೊಡಗಿದಳು, ರಾತ್ರಿ ಕಣ್ಣೇ ಮುಚ್ಚುತ್ತಿರಲಿಲ್ಲ. ಹಾಳಾಗಿ ಹೋಗಲಿ, ಆನೆಯೇ ಉಂಡುಕೊಳ್ಳಲಿ ಅಂತ ಎಲ್ಲ ಬಿಟ್ಟು ಎದ್ದು ಬಂದಿದ್ದರು. ರಜೀಶನಿಗೆ ಪೇಟೆಯ ಗೊಬ್ಬರದಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಸ್ಕೂಲು ಕೂಗಳತೆಯಲ್ಲಿತ್ತು. ಮಗು ಹೆದರದೆ ಬೆಳೆಯಬೇಕು, ಇನ್ನೊಮ್ಮೆ ಗಂಟುಮೂಟೆ ಕಟ್ಟುವಂತಾಗಬಾರದು. ಶ್ಯಾಮಳ ಕೇಳಿಕೊಂಡದ್ದು ಅಷ್ಟೇ.

ಸೊಂಟಕ್ಕೆ ಶಾಲು ಬಿಗಿದು ಅವಳು ಇಳಿದೇಬಿಟ್ಟಳು. ಒಲೆಯನ್ನು ಒಡೆದು ಹೊಸದಾಗಿ ಹಾಕಿದಳು. ಬಾವಿಗೆ ರಜೀಶನನ್ನು ಇಳಿಸಿ ಕೊಳೆತ ಎಲೆ ಎತ್ತಿಸಿದಳು. ಹಂಚು ಕೈಯಾಡಿಸಿದ್ದಾಯಿತು, ಗೋಡೆಗೆ ಸುಣ್ಣವಾಯಿತು. ಅಬ್ಬಾ, ಆ ಬಾವಲಿಗಳನ್ನು ಓಡಿಸಲು ಪಟ್ಟ ಪಾಡು ಯಾರಿಗೂ ಬೇಡ! ಒಂದು ಬೆಳಗ್ಗೆ ನೋಡಿದರೆ ಗ್ರೀಷ್ಮ ಅಮ್ಮನನ್ನು ಬಿಟ್ಟು ಮೂಲೆಯಲ್ಲಿ ಒಬ್ಬಳೇ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ಶ್ಯಾಮಳ ಅಂದು ಗಂಡನಿಗೆ ಎರಡು ಮೊಟ್ಟೆ ಹೊಯ್ದು ಕೊಟ್ಟಳು.

ಜೂನ್ ಮಳೆ ಹಿಡಿಯಿತು. ಅವರ ಮನೆತನದಲ್ಲಿ ಒಂದು ರೂಢಿ. ಹೊಸ ನೆಲಕ್ಕೆ ಬಂದ ಹೆಣ್ಣು ಮೊದಲ ಮಳೆಗೆ ತನ್ನ ಕೈಯಾರೆ ಮೆಣಸಿನ ಬಳ್ಳಿ ನೆಡಬೇಕು. ನೆಟ್ಟರೇ ಆ ಒಲೆ ಅವಳದಾಗುವುದು. ಅತ್ತೆ ನೆಟ್ಟಿದ್ದರು, ಮದುವೆಯಾಗಿ ಬಂದ ವರ್ಷ ಇವಳೂ ನೆಟ್ಟಿದ್ದಳು. ಬಾಡಿಗೆ ಮನೆಗೂ ಇದು ಸಲ್ಲುತ್ತದೋ ಇಲ್ಲವೋ ಅಂತ ಕೇಳುವವರು ಆ ಮನೆತನದಲ್ಲಿ ಹುಟ್ಟಿರಲಿಲ್ಲ, ಯಾಕೆಂದರೆ ಬಾಡಿಗೆ ಮನೆ ಕಂಡವರೇ ಇರಲಿಲ್ಲ. ಶ್ಯಾಮಳ ಬೇಗೂರಿಗೆ ಹೋಗಿ, ಪಾಳುಬಿದ್ದ ಹಿತ್ತಿಲಿನಿಂದ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದಳು. ಅಂಗಳದ ಅಂಚಿನ ಸಿಲ್ವರ್ ಓಕ್ ಮರಗಳ ಬುಡಕ್ಕೆಲ್ಲ ನೆಟ್ಟಳು. ಒಂದು ನೆಟ್ಟರೆ ಸಾಕಿತ್ತು. ಆದರೆ ಬೇಸಾಯದ ಕೈ, ಬರಿದಾದ ಮರ ಕಂಡರೆ ಸುಮ್ಮನಿದ್ದೀತೇ?

ಜುಲೈ ಕಳೆಯುವ ಹೊತ್ತಿಗೆ, ಕರ್ಕಿಟಕ ತಿಂಗಳ ಮಳೆಯಲ್ಲಿ ವೇಲಾಯುಧನ್ ದಿಣ್ಣೆ ಇಳಿದು ಬಂದ. ಮರದಿಂದ ಮರಕ್ಕೆ ಹೋಗಿ ಬಗ್ಗಿ ನೋಡಿದ.

"ಯಾರು ನೆಟ್ಟದ್ದು?" ಎಂದು ಮಲಯಾಳದಲ್ಲಿ ಕೇಳಿದ.

"ನಾನೇ ಚೇಟ್ಟಾ" ಅಂದಳು ಶ್ಯಾಮಳ, ಅವನದೇ ಭಾಷೆಯಲ್ಲಿ ಅವನನ್ನು ಅಣ್ಣ ಎಂದು ಕರೆಯುತ್ತ. ಮುಖವೆಲ್ಲ ನಗು. "ನಮ್ಮೂರಿನ ಬಳ್ಳಿ. ಒಂದೂ ಸಾಯಲಿಲ್ಲ ನೋಡಿ!"

"ಫಸಲು ಯಾವಾಗ?"

"ಮೂರು ವರ್ಷ ಬೇಕು."

"ನಾನು ಮನೆ ಕೊಟ್ಟದ್ದು ಹನ್ನೊಂದು ತಿಂಗಳಿಗೆ."

ಶ್ಯಾಮಳಳ ನಗು ಅಲ್ಲೇ ನಿಂತಿತು.

"ನನಗೆ ಈ ಆಟ ಗೊತ್ತಿಲ್ಲ ಅಂದುಕೊಂಡಿರಾ?" ವೇಲಾಯುಧನನ ದನಿ ಏರಿತು. "ನನ್ನ ಅಜ್ಜ ಇಲ್ಲಿಗೆ ಕೂಲಿಗೆ ಬಂದವನು. ಯಜಮಾನರ ನೆಲದಲ್ಲಿ ಗುಡಿಸಲು ಹಾಕಿದ, ಹೀಗೇ ಬಳ್ಳಿ ನೆಟ್ಟ. ಆಮೇಲೆ ಕಾನೂನು ಬಂತು, ಗುಡಿಸಲಿನ ನೆಲ ಅವನದೇ ಆಯಿತು. ಈ ಜಾಗ ನಮಗೆ ಬಂದದ್ದು ಹಾಗೆ. ಇವತ್ತು ಬಳ್ಳಿ, ನಾಳೆ ಕೋರ್ಟು! ಶನಿವಾರದೊಳಗೆ ಖಾಲಿ ಮಾಡಿ."

ಕಾನೂನು, ಕೋರ್ಟು! ಅವಳ ತಲೆಯಲ್ಲಿದ್ದದ್ದು ಒಲೆ, ಮಳೆ, ಬಳ್ಳಿ. ಇವಿಷ್ಟು ಬಿಟ್ಟು ದೇವರಾಣೆಗೂ ಇನ್ನೇನೂ ಇರಲಿಲ್ಲ.

ಸಂಜೆ ರಜೀಶ್ ಹಾರಾಡಿದ. "ಯಾರ್ ಹೇಳಿದ್ರು ನಿಂಗೆ? ಕೈ ತುರಿಸ್ತಿತ್ತಾ?"

"ನೀವೂ ಹಗ್ಗ ಹಿಡ್ಕೊಂಡು ಮರಕ್ಕೆ ಕಟ್ಟಿಲ್ವಾ? ಆಗ ಬಾಯಿ ಎಲ್ಲೋಗಿತ್ತು?"

ಅವಳು ಚಪ್ಪಲಿ ಮೆಟ್ಟಿ ದಿಣ್ಣೆ ಹತ್ತಿದಳು. ಯಾರೆದುರೂ ಕೈ ಚಾಚದವಳು ಅಂದು ಆ ಜಗಲಿಯ ಕೆಳಗೆ ಕೈ ಮುಗಿದು ನಿಂತಳು. "ಎಲ್ಲಾ ಕಿತ್ತುಹಾಕ್ತೀನಿ ಚೇಟ್ಟಾ. ಇರೋದಕ್ಕೆ ಬಿಡಿ. ಮಗು ಈಗೀಗ ನಿದ್ದೆ ಮಾಡ್ತಿದೆ."

ವೇಲಾಯುಧನ್ ಗಡ್ಡ ಕೆರೆದುಕೊಂಡ. "ನಾಳೆ ನನ್ನ ಕಣ್ಣೆದುರಿಗೇ ಕೀಳಬೇಕು" ಅಂದ. "ಬೇರು ಸಮೇತ."

ಮರುದಿನ ಮಳೆ ಧೋ ಅಂತ ಸುರಿಯುತ್ತಿತ್ತು. ವೇಲಾಯುಧನ್ ಅಂಗಳಕ್ಕೆ ಬಂದು ನಿಂತದ್ದೇ ತಡ, ರಜೀಶ್ ಓಡಿಹೋಗಿ ಅವನ ತಲೆಗೆ ಕೊಡೆ ಹಿಡಿದ. ಹೆಂಡತಿ ನೆನೆಯುತ್ತ ಬಗ್ಗಿದಳು. ಬಳ್ಳಿಯ ಗಂಟುಗಂಟಿನಲ್ಲೂ ಬಿಳಿ ಬೇರು ಮೂಡಿ ತೊಗಟೆಯನ್ನು ಕಚ್ಚಿಕೊಂಡಿತ್ತು. ಹಿಡಿದು ಎಳೆದರೆ ಚರಚರ ಸದ್ದು. ಒಂದೊಂದಾಗಿ ಎಳೆದು ಹಾಕಿದಳು. ಕಣ್ಣೀರು ಬಂತು. ಮಳೆಯಲ್ಲಿ ಅದನ್ನು ಕಂಡವರಿಲ್ಲ. ಬಾಗಿಲ ಸಂದಿಯಲ್ಲಿ ಗ್ರೀಷ್ಮ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅದು ಮಾತ್ರ ಶ್ಯಾಮಳಳಿಗೆ ಗೊತ್ತಾಗಲಿಲ್ಲ.

ವೇಲಾಯುಧನ್ ಒಂದೊಂದು ಬುಡವನ್ನೂ ಕಾಲಿನಿಂದ ಕೆದಕಿ ನೋಡಿದ. "ಇರಿ. ನಾನೇನು ಕೆಟ್ಟವನಲ್ಲ" ಅಂದ. ರಜೀಶ್ ಅವನನ್ನು ಮನೆಯ ತನಕ ಕೊಡೆಯಡಿಯಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದ.

ಮನೆ ಉಳಿಯಿತು. ಉಳಿದು ಏನು ಬಂತು! ಶ್ಯಾಮಳ ಒಂದು ಕರಿಬೇವಿನ ಗಿಡವನ್ನೂ ಹಾಕಲಿಲ್ಲ. ಹಂಚು ಸರಿದು ಮಳೆ ಸೋರಿದರೆ ಮೇಲೆ ಹತ್ತಲಿಲ್ಲ, ಕೆಳಗೆ ಚೊಂಬು ಇಟ್ಟಳು. ಸುಣ್ಣ ಎದ್ದು ಬಂದ ಗೋಡೆಯನ್ನು ನೋಡಿಯೂ ನೋಡದ ಹಾಗೆ ಓಡಾಡಿದಳು. ಮಗುವಿಗಾಗಿ ಅಲ್ಲವೇ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಗು ಪೇಟೆಯ ಸ್ಕೂಲಿಗೆ ಹೋಗುತ್ತದೆ, ಆನೆಯಿಲ್ಲ, ಕಾಡಿಲ್ಲ, ಇನ್ನೇನು ಬೇಕು?

ಆಗಸ್ಟ್ ನಡುವಿನಲ್ಲಿ, ಚಿಂಗಂ ತಿಂಗಳ ಮೊದಲ ದಿನ ಸ್ಕೂಲಿನಲ್ಲಿ ರೈತರ ದಿನ ಆಚರಿಸಿದರು. ಗ್ರೀಷ್ಮ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಲಸಿನ ಸಸಿ ತಂದಳು. "ಎಲ್ಲಾರೂ ಅವ್ರವ್ರ ಮನೆ ಮುಂದೆ ನೆಡ್ಬೇಕಂತೆ ಅಮ್ಮಾ. ಫೋಟೋ ತೆಗೆದು ಟೀಚರಿಗೆ ಕಳಿಸ್ಬೇಕು."

"ಒಳಗಿಡು. ಅಪ್ಪ ಬರ್ಲಿ" ಅಂದಳು ಶ್ಯಾಮಳ, ಒಲೆ ಊದುತ್ತ.

ಅನ್ನ ಬಸಿದು ಹೊರಗೆ ಬಂದರೆ ಹುಡುಗಿ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ತೆಂಗಿನ ಚಿಪ್ಪಿನಿಂದ ಗುಂಡಿ ತೋಡಿ ಸಸಿ ಇಟ್ಟಾಗಿತ್ತು. ಶ್ಯಾಮಳ ಹಾರಿ ಹೋಗಿ ಸಸಿಯನ್ನು ಕಿತ್ತು ಬೇಲಿಯಾಚೆ ಎಸೆದಳು. ಎಂದೂ ಮಗಳ ಮೇಲೆ ಎತ್ತದ ಕೈ ಅವಳ ಕೆನ್ನೆಗೆ ಬಿತ್ತು.

"ನಮ್ಮನೆ ಮುಂದೆ ಅಂತ ಟೀಚರ್..."

"ನಮ್ಮನೆ ಅಲ್ಲ ಇದು! ಟೀಚರಿಗೆ ಹೋಗಿ ಹೇಳು, ನಮಗೆ ಮನೆ ಇಲ್ಲ ಅಂತ!"

ಹೇಳಿ ಮುಗಿಯುವುದರೊಳಗೆ ಅವಳು ನೆಲಕ್ಕೆ ಕುಸಿದು ಮಗುವನ್ನು ತಬ್ಬಿಕೊಳ್ಳಲು ಕೈ ಚಾಚಿದಳು. ಗ್ರೀಷ್ಮ ಅಳಲಿಲ್ಲ. ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ದಿಣ್ಣೆಯ ಮನೆಯ ಕಡೆ ನೋಡಿದಳು. ಜಗಲಿಯಲ್ಲಿ ಯಾರೂ ಇರಲಿಲ್ಲ.

"ಅವ್ರು ನೋಡಿಲ್ಲ ಅಮ್ಮಾ" ಎಂದು ಪಿಸುಗುಟ್ಟಿ, ಹುಡುಗಿ ಎರಡೂ ಕೈಯಿಂದ ಗುಂಡಿಗೆ ಗಡಿಬಿಡಿಯಲ್ಲಿ ಮಣ್ಣು ಎಳೆಯತೊಡಗಿದಳು.