ದೂರ: ಸೊನ್ನೆ

ಲಿಫ್ಟ್ ರಿಪೇರಿ ಕಂಪನಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಕ್ಷಾಂಶಕ್ಕ ಎಂದೇ. ನಗರದಲ್ಲಿ ಕಂಪನಿಯ ಲಿಫ್ಟುಗಳಿದ್ದ ಅಷ್ಟೂ ಕಟ್ಟಡಗಳನ್ನು, ಮೆಕ್ಯಾನಿಕ್‌ಗಳ ಮನೆಗಳನ್ನು ಅಕ್ಷಾಂಶ ರೇಖಾಂಶ ಸಮೇತ ಡೇಟಾಬೇಸಿಗೆ ಏರಿಸಿದವಳು ಅವಳು. ದೂರು ಬಂದ ಕಟ್ಟಡದ ಹೆಸರು ಒತ್ತಿದರೆ ಸಾಕು, ಅಲ್ಲಿಗೆ ಹತ್ತಿರವಿರುವ ಮೆಕ್ಯಾನಿಕ್‌ಗಳ ಹೆಸರು ದೂರದ ಲೆಕ್ಕದಲ್ಲಿ ಸಾಲುಗಟ್ಟಿ ಬರುತ್ತಿದ್ದವು. ಮ್ಯಾನೇಜರಿಗೆ ಮಾತ್ರ ಅದರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಇಪ್ಪತ್ತು ವರ್ಷ ಬೀದಿ ಬೀದಿ ಸುತ್ತಿದ ತನ್ನ ತಲೆಗಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ ಎಂಬುದು ಆತನ ವಾದ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾವಲುಗಾರನೊಬ್ಬ ಫೋನ್ ಮಾಡಿದ. ಏಳು ಮಹಡಿಯ ಕಟ್ಟಡ. ಲಿಫ್ಟು ನಾಲ್ಕು ಐದರ ನಡುವೆ ನಿಂತುಬಿಟ್ಟಿದೆ. ಒಳಗೆ ಒಬ್ಬ ಅಜ್ಜಿ, ಆರು ವರ್ಷದ ಮೊಮ್ಮಗಳು. ಅಜ್ಜಿಗೆ ಉಬ್ಬಸ, ಔಷಧಿಯ ಪಂಪು ಮನೆಯಲ್ಲೇ ಉಳಿದಿದೆ. ಆಂಬುಲೆನ್ಸಿಗೂ ಅಗ್ನಿಶಾಮಕ ದಳಕ್ಕೂ ಹೇಳಿಯಾಗಿತ್ತು, ಆದರೆ ಸೇತುವೆಯ ಮೇಲೆ ಲಾರಿ ಮಗುಚಿ ದಾರಿ ಕಟ್ಟಿಹೋಗಿತ್ತು.

ಅಕ್ಷಾಂಶಕ್ಕ ಪಟ್ಟಿ ತೆಗೆದಳು. ಹತ್ತಿರದ ಮೆಕ್ಯಾನಿಕ್ಕೇ ಆರು ಕಿಲೋಮೀಟರ್ ದೂರ. ಕಟ್ಟಡ ಸೇತುವೆಯ ಆಚೆ, ಅವನು ಈಚೆ. ಅವನನ್ನು ಹೊರಡಿಸಿದಳು. ಮ್ಯಾನೇಜರ್ ತನ್ನ ತಲೆಯನ್ನೆಲ್ಲ ಜಾಲಾಡಿ ಮೂವರಿಗೆ ಫೋನ್ ಹಚ್ಚಿದ. ಮೂವರೂ ಊರಿನ ಇನ್ನೊಂದು ತುದಿಯಲ್ಲಿದ್ದರು.

ಕೈಕಟ್ಟಿ ಕೂರುವ ಜಾಯಮಾನ ಅವಳದ್ದಲ್ಲ. ನಿವೃತ್ತರಾದವರ ದಾಖಲೆಗಳನ್ನು ಅವಳು ಅಳಿಸಿರಲಿಲ್ಲ, ಅವರು ಮನೆ ಬದಲಿಸಿದರೆ ಹೊಸ ವಿಳಾಸವನ್ನೂ ಏರಿಸುತ್ತಿದ್ದಳು. ‘ಈಗ ಕೆಲಸದಲ್ಲಿರುವವರು ಮಾತ್ರ’ ಎಂಬ ಷರತ್ತನ್ನು ತೆಗೆದುಹಾಕಿ ಮತ್ತೆ ಹುಡುಕಿದಳು. ಮೊದಲ ಸಾಲಿನಲ್ಲೇ ಹಗ್ಗದಯ್ಯ. ಲಿಫ್ಟಿನ ಉಕ್ಕಿನ ಹಗ್ಗವನ್ನು ಮುಟ್ಟಿಯೇ ಅದರ ರೋಗ ಹೇಳುತ್ತಿದ್ದ ಹಳೆಯ ಮೆಕ್ಯಾನಿಕ್. ಹೆಸರಿನ ಮುಂದೆ, ದೂರ: ಸೊನ್ನೆ.

“ಸೊನ್ನೆ ತೋರಿಸ್ತಿದೆಯಲ್ಲಮ್ಮ. ಒಳ್ಳೆ ಹೊತ್ತಲ್ಲಿ ಕೈಕೊಡ್ತು ನಿನ್ನ ಯಂತ್ರ,” ಎಂದ ಮ್ಯಾನೇಜರ್.

“ಕೈಕೊಟ್ಟಿಲ್ಲ ಸರ್. ಸೊನ್ನೆ ಅಂದ್ರೆ ಅವರು ಅದೇ ಕಟ್ಟಡದಲ್ಲಿದ್ದಾರೆ,” ಎಂದು ಅವಳು ಆಗಲೇ ನಂಬರ್ ಒತ್ತುತ್ತಿದ್ದಳು.

ಹಗ್ಗದಯ್ಯ ಎರಡನೇ ಮಹಡಿಯ ಮಗಳ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದ. ಅಲ್ಲಿಗೆ ಬಂದು ತಿಂಗಳಾಗಿತ್ತಷ್ಟೆ. ವಿಷಯ ಕೇಳಿ ಅವನು ಕೇಳಿದ್ದು ಒಂದೇ ಮಾತು. “ಮೇಲಿನ ಮೋಟಾರ್ ಕೋಣೆ ಬೀಗದ ಕೈ ಯಾರ ಹತ್ರ ಇದೆ ತಾಯಿ?”

“ಕಾವಲುಗಾರನ ಹತ್ರ. ಅವನಿಗೆ ಬೀಗ ತೆಗೆಯೋಕೆ ಬರುತ್ತೆ, ಮುಂದಿಂದು ಬರಲ್ಲ.”

“ಮುಂದಿಂದು ನನಗೆ ಬರುತ್ತೆ,” ಎಂದವನೇ ಮಂಡಿನೋವನ್ನು ಲೆಕ್ಕಿಸದೆ ಮೆಟ್ಟಿಲು ಹತ್ತಿದ.

ಅಷ್ಟರಲ್ಲಿ ಅಕ್ಷಾಂಶಕ್ಕ ಲಿಫ್ಟಿನೊಳಗಿನ ಫೋನಿನಲ್ಲಿ ಮೊಮ್ಮಗಳನ್ನು ಮಾತಿಗೆಳೆದಳು. ಅಜ್ಜಿಯನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ನಿಧಾನ ಉಸಿರಾಡಲು ಹೇಳು ಎಂದಳು. ಹುಡುಗಿ ಅಜ್ಜಿಯ ಉಸಿರನ್ನು ಗಟ್ಟಿಯಾಗಿ ಎಣಿಸತೊಡಗಿದಳು. ಮೇಲೆ ಹಗ್ಗದಯ್ಯ ಕರೆಂಟು ತೆಗೆದು, ಬ್ರೇಕನ್ನು ಚೂರುಚೂರೇ ಸಡಿಲಿಸಿ ಲಿಫ್ಟನ್ನು ನಾಲ್ಕನೇ ಮಹಡಿಗೆ ಇಳಿಸಿದ. ಕೆಳಗಿಳಿದು ಬಂದು ಬಾಗಿಲು ತೆರೆದಾಗ ಅಜ್ಜಿಯ ಸೊಸೆ ಪಂಪು ಹಿಡಿದು ಎದುರಿಗೇ ನಿಂತಿದ್ದಳು. ಕರೆ ಬಂದು ಹದಿನಾಲ್ಕು ನಿಮಿಷವಾಗಿತ್ತು. ಅಜ್ಜಿ ಎರಡು ಸಲ ಪಂಪು ಎಳೆದುಕೊಂಡು, ಆಮೇಲೆ ಹಗ್ಗದಯ್ಯನ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಬಂದು, ಅಕ್ಷಾಂಶಕ್ಕನ ಮೇಜಿನ ಪಕ್ಕ ಕೂತ. ನಿವೃತ್ತರೆಲ್ಲರಿಗೂ ಅವಳು ಒಬ್ಬೊಬ್ಬರಿಗೇ ಫೋನ್ ಮಾಡಿ, ತುರ್ತಿದ್ದಾಗ ಕರೆದರೆ ಬರುತ್ತೀರಾ ಎಂದು ಕೇಳಿದಳು. ಆತ ಒಪ್ಪಿದವರ ಹೆಸರು ಗುರುತು ಹಾಕಿಕೊಂಡ. ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಹೂಂ ಎಂದರು. ಒಬ್ಬರು ಇನ್ನೂ ಯೋಚಿಸುತ್ತಿರುವಾಗಲೇ ಹೆಂಡತಿ ಫೋನ್ ಕಿತ್ತುಕೊಂಡರು. “ಮೊದಲು ಇವರ ಹೆಸರು ಬರ್ಕೋಮ್ಮ. ಮನೇಲಿ ಕೂತು ನನ್ನ ತಲೆ ತಿಂತಿದ್ದಾರೆ.”