ಮೂರನೇ ಸಿಲಿಂಡರಿನ ಸದ್ದು

ದೊಡ್ಡಬಳ್ಳಾಪುರದಿಂದ ಸಾಸಲಿನವರೆಗೆ ನನ್ನ ಕಿವಿಗೆ ಒಂದು ಹೆಸರಿತ್ತು. ಬೈಲಪ್ಪ ಎಂಜಿನ್ ಬಿಚ್ಚಿ ನೋಡುವುದಿಲ್ಲ, ಕೇಳಿ ಹೇಳುತ್ತಾನೆ ಎನ್ನುತ್ತಿದ್ದರು ಜನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆ ಸಾಕು, ಯಾವ ಮೂಲೆಯಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ಅದು ನಿಜವೇ. ಆದರೆ ಎಪ್ಪತ್ತೊಂದನೇ ಇಸವಿಯ ಹೊತ್ತಿಗೆ ಅದು ಮೂರು ವರ್ಷ ಹಳೆಯ ನಿಜವಾಗಿತ್ತು. ಎಂಜಿನ್ನಿನ ಅಬ್ಬರ ಕೇಳುತ್ತಿತ್ತು, ಅದರೊಳಗಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಆದರೂ ಸ್ಕ್ರೂಡ್ರೈವರ್ ಹಿಡಿದು ಕಣ್ಣು ಮುಚ್ಚುವುದನ್ನು ನಾನು ಬಿಟ್ಟಿರಲಿಲ್ಲ. ನಾಟಕ ಎಂದರೆ ನಾಟಕ.

ನನ್ನ ಗುಟ್ಟು ರಟ್ಟಾಗದಿರಲು ಮಗ್ಗದ ಬೀದಿಯೇ ಕಾರಣ. ನನ್ನ ರಿಪೇರಿ ಶೆಡ್ಡಿನ ಎರಡೂ ಕಡೆ ಪವರ್‌ಲೂಮುಗಳು ಬೆಳಗಿನಿಂದ ರಾತ್ರಿಯವರೆಗೆ ಬಡಿದುಕೊಳ್ಳುತ್ತಿದ್ದವು. ಆ ಬೀದಿಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು, ಎಲ್ಲರೂ ಎದುರಿನವರ ತುಟಿ ನೋಡುವುದು. ಅಲ್ಲಿ ಕಿವುಡನೊಬ್ಬ ಹೆಚ್ಚಾದರೆ ಯಾರಿಗೆ ತಿಳಿಯಬೇಕು? ಇನ್ನು ಪಂಪ್‌ಸೆಟ್ಟಿನ ರೈತರು ಬಂದರೆ, ಸದ್ದು ಹೇಗಿದೆ ನೀವೇ ಮಾಡಿ ತೋರಿಸಿ ಎನ್ನುತ್ತಿದ್ದೆ. ಚಿಕ್ಕಬೀರಪ್ಪನಂತೂ ಕೆನ್ನೆ ಉಬ್ಬಿಸಿ, ತೊಡೆ ತಟ್ಟಿ, ತನ್ನ ಡೀಸೆಲ್ ಎಂಜಿನ್ನನ್ನು ಅಲ್ಲೇ ನಿಂತು ಓಡಿಸಿಬಿಡುತ್ತಿದ್ದ. ಅಂಥವನ ಮುಂದೆ ಕಿವಿಯಾದರೂ ಯಾಕೆ? ಒಬ್ಬೊಬ್ಬರ ಬಾಯಿ ನೋಡಿಯೇ ನಾನು ರೋಗ ಹೇಳುತ್ತಿದ್ದೆ, ತಪ್ಪುತ್ತಿದ್ದದ್ದು ಕಡಿಮೆ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಕೆಂಪು ಬಣ್ಣದ ರೇಸ್ ಕಾರೊಂದು ಬಂದು ಶೆಡ್ಡಿನ ಮುಂದೆ ನಿಂತಿತು. ಮೇಲೆ ಹೊದಿಕೆಯಿಲ್ಲ, ಇಬ್ಬರೇ ಕೂರುವಂಥದ್ದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಓಡಿಸಿಕೊಂಡು ಬಂದವರು ವೆಂಕಟರಾಯಪ್ಪ. ಅನುಗೊಂಡನಹಳ್ಳಿಯ ಜಮೀನುದಾರರ ಮನೆಯವರು, ಬೆಂಗಳೂರಿನ ಕಾರ್ಖಾನೆಯಲ್ಲಿ ಎಂಜಿನಿಯರು, ಮೂವತ್ತು ದಾಟಿರದ ವಯಸ್ಸು. ತನ್ನ ದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬನಿಂದ ಕಾರು ಕೊಂಡಿದ್ದರಂತೆ. ಭಾನುವಾರ ಯಲಹಂಕದಲ್ಲಿ ವಿಮಾನ ಇಳಿಯುವ ಪಟ್ಟಿಯ ಮೇಲೆ ರೇಸಿತ್ತು, ಅದರಲ್ಲಿ ಓಡಿಸಬೇಕು. ಆದರೆ ನಾಲ್ಕು ದಿನದಿಂದ ಎಂಜಿನ್ನಿನಲ್ಲಿ ಏನೋ ಸದ್ದು.

ಸದ್ದು ಎಂಥದ್ದು ಎಂದು ಅವರು ಹೇಳಿದ್ದು ನನಗೆ ಸರಿಯಾಗಿ ಕೇಳಲಿಲ್ಲ. ಪೇಟೆಯಲ್ಲಿ ಓದಿದವರು ನೋಡಿ, ತುಟಿ ಅಲ್ಲಾಡಿಸದೆ ಮಾತಾಡುವುದು ಮರ್ಯಾದೆ ಎಂದುಕೊಂಡಿರುತ್ತಾರೆ. ಸದ್ದು ಮಾಡಿ ತೋರಿಸಿ ಎಂದೆ. ಪಾಪ, ಚಿಕ್ಕಬೀರಪ್ಪನ ಹಾಗೆ ಬಾಯಿ ಮಾಡಲು ಅವರಿಗೆ ನಾಚಿಕೆ. ಬೆರಳಿನ ಉಗುರಿನಿಂದ ಬಾನೆಟ್ಟಿನ ಮೇಲೆ ಟಿಕ್ ಟಿಕ್ ಎಂದು ತಟ್ಟಿ ತೋರಿಸಿದರು. ಟಿಕ್ ಟಿಕ್ ಎಂದರೆ ಟ್ಯಾಪೆಟ್. ಎಂಜಿನ್ನಿನ ತಲೆಯ ಮೇಲೆ, ಕವಾಟಗಳನ್ನು ಒತ್ತುವ ಜಾಗದಲ್ಲಿ ಸಂದು ಹೆಚ್ಚಾದರೆ ಬರುವ ಸದ್ದು, ಅದರಿಂದ ಅಪಾಯವಿಲ್ಲ. ನಾನು ಕಾರು ಸ್ಟಾರ್ಟ್ ಮಾಡಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟು, ಕಣ್ಣು ಮುಚ್ಚಿ, ಏನೂ ಕೇಳಿಸದೆ, ಟ್ಯಾಪೆಟ್ಟೇ ಎಂದು ಹೇಳಿದೆ.

ಒಂದು ಗಂಟೆ ಕೂತು ಎಂಟು ಸಂದುಗಳನ್ನೂ ಸರಿಮಾಡಿದೆ. ಆ ಕೆಲಸಕ್ಕೆ ಬೆರಳು ಸಾಕು, ಕಿವಿ ಬೇಕಿಲ್ಲ. ಮತ್ತೆ ಸ್ಟಾರ್ಟ್ ಮಾಡಿದಾಗ ವೆಂಕಟರಾಯಪ್ಪ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಆಲಿಸಿದರು. ಮುಖದಲ್ಲಿ ಅನುಮಾನವಿತ್ತು. ಆಮೇಲೆ ನನ್ನ ಮುಖ ನೋಡಿ ನಕ್ಕು, ನೀವು ಹೇಳಿದ ಮೇಲೆ ಮುಗೀತು ಎಂದರು. ಆ ಮಾತು ನನಗೆ ಚೆನ್ನಾಗಿ ತಿಳಿಯಿತು. ಅವರು ಕಾರಿನೊಳಗೆ ಇಳಿದು ಕೂತರು. ಗಂಟೆಗೆ ನೂರು ಮೈಲಿ ಹೋಗುವ ಗಾಡಿ, ಮುಂದೆ ಅಷ್ಟು ದೊಡ್ಡ ಎಂಜಿನ್ನು, ಅದಕ್ಕೂ ಅವರ ಮೊಣಕಾಲಿಗೂ ನಡುವೆ ಒಂದು ತಗಡು.

ನನಗೆ ಹೆದರಿಕೆಯಾಯಿತು. ಪಂಪ್‌ಸೆಟ್ಟು ಕೆಟ್ಟರೆ ನೀರು ನಿಲ್ಲುತ್ತದೆ, ಅಷ್ಟೇ. ಇಲ್ಲಿ ನನ್ನ ಮಾನ ಉಳಿಸಿಕೊಳ್ಳಲು ಇನ್ನೊಬ್ಬರ ಮಗನನ್ನು ಕಳಿಸುತ್ತಿದ್ದೆ. ಕೈ ಅಡ್ಡ ಹಿಡಿದು ಒಂದು ನಿಮಿಷ ಎಂದೆ, ಹಿಂದೆ ತಿರುಗಿ ಹೆಂಡತಿಯನ್ನು ಕೂಗಿದೆ.

ಮುನಿತಾಯಮ್ಮ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಪಕ್ಕದ ಮಗ್ಗದವರಿಗೆ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರಿಸುವ ಕಡ್ಡಿಗೆ ರೇಷ್ಮೆ ನೂಲು ಸುತ್ತುವ ಕೆಲಸ. ಹದಿನೆಂಟು ಮಗ್ಗಗಳ ಗದ್ದಲದಲ್ಲಿ ಯಾವ ಮಗ್ಗದ ಲಾಳಿ ಓರೆ ಹೊಡೆಯುತ್ತಿದೆ ಎಂದು ಕೂತಲ್ಲಿಂದಲೇ ಹೇಳುವವಳು. ಬಂದವಳು ಯಾಕೆ ಏನು ಎಂದು ಒಂದು ಮಾತೂ ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎಂಜಿನ್ನಿನ ಪಕ್ಕ ಬಗ್ಗಿ ನಿಂತಳು.

"ಟಿಕ್ ಅಂತಿಲ್ಲ ಇದು," ಎಂದಳು ನನ್ನ ಕಡೆ ಮುಖ ತಿರುಗಿಸಿ. "ಕೆಳಗಡೆ ಐತೆ. ಪಕ್ಕದ್ಮನೇಲಿ ಒನಕೆ ಹಾಕ್ದಂಗೆ, ದಬ್ ದಬ್ ಅಂತೈತೆ."

ಕೈಗೆ ಒಣ ಬಟ್ಟೆ ಸುತ್ತಿಕೊಂಡು, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾ ಹೋದೆ. ಹಾಗೆ ಕಿತ್ತರೆ ಆ ಸಿಲಿಂಡರು ಉರಿಯುವುದಿಲ್ಲ. ಟ್ಯಾಪೆಟ್ಟಿನ ಸದ್ದಾದರೆ ಏನೂ ಬದಲಾಗುವುದಿಲ್ಲ. ಕೆಳಗಿನ ಬೇರಿಂಗ್ ಸವೆದಿದ್ದರೆ, ಅದರ ಸಿಲಿಂಡರಿನ ವೈರು ಕಿತ್ತಾಗ ಭಾರ ಇಳಿದು ಸದ್ದು ಮೆತ್ತಗಾಗುತ್ತದೆ. ಇದನ್ನು ಅವಳಿಗೆ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಒಂದನೆಯದು ಕಿತ್ತೆ, ಅವಳು ಇಲ್ಲವೆಂದು ತಲೆಯಾಡಿಸಿದಳು. ಎರಡನೆಯದಕ್ಕೂ ಇಲ್ಲ ಎಂದಳು. ಮೂರನೆಯದನ್ನು ಕೀಳುತ್ತಲೇ ಬೆರಳೆತ್ತಿದಳು.

ಎಂಜಿನ್ ನಿಲ್ಲಿಸಿ, ಅಡಿಯಲ್ಲಿ ಮಲಗಿ ಆಯಿಲನ್ನು ಬೋಗುಣಿಗೆ ಇಳಿಸಿದೆ. ಬೋಗುಣಿಯನ್ನು ಬಿಸಿಲಿಗೆ ತಂದು ಬೆರಳು ಅದ್ದಿ ತೋರಿಸಿದೆ. ಕಪ್ಪು ಆಯಿಲಿನಲ್ಲಿ ಲೋಹದ ಪುಡಿ ಚಮಕಿಯ ಹಾಗೆ ಮಿನುಗುತ್ತಿತ್ತು. ವೆಂಕಟರಾಯಪ್ಪ ಎಂಜಿನಿಯರು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾನುವಾರ ಪೂರ್ತಿ ವೇಗದಲ್ಲಿ ಬೇರಿಂಗ್ ಹೋಗಿ, ಪಿಸ್ಟನ್ನಿನ ರಾಡು ಮುರಿದು, ಎಂಜಿನ್ ಒಡೆದುಕೊಂಡು ಹೊರಗೆ ಬರುತ್ತಿತ್ತು. ಅವರೂ ಬೆರಳು ಅದ್ದಿ ಪುಡಿಯನ್ನು ಉಜ್ಜಿ ನೋಡಿದರು. ಆಮೇಲೆ ರೇಸು ಬಿಟ್ಟೆ ಎಂದರು. ಬೆರಳು ಒರೆಸಿಕೊಳ್ಳುತ್ತಾ, ಮೊದಲು ಟ್ಯಾಪೆಟ್ ಎಂದಿರಲ್ಲ ಎಂದು ಕೇಳಿದರು.

ಅದಕ್ಕೊಂದು ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎಂಜಿನ್ ತಣ್ಣಗಿದ್ದಾಗ ಒಂದು ಸದ್ದು, ಕಾದಾಗ ಇನ್ನೊಂದು ಎಂದರೆ ನಂಬುತ್ತಿದ್ದರು. ಅವರ ಮುಖ ನೋಡಿ ಅದು ಹೊರಡಲಿಲ್ಲ.

"ನಂಗೆ ಕಿವಿ ಕೇಳಲ್ಲ ಸ್ವಾಮಿ," ಎಂದೆ. "ನಿಮ್ ಬೆರಳು ನೋಡ್ಕೊಂಡು ಟ್ಯಾಪೆಟ್ ಅಂದ್ಬಿಟ್ಟೆ. ಮೂರು ವರ್ಷ ಆಯ್ತು, ಯಾರ್ಗೂ ಹೇಳಿಲ್ಲ. ಇವ್ಳಿಗೂ ಗೊತ್ತಿಲ್ಲ."

ಮುನಿತಾಯಮ್ಮ ಕಾರನ್ನು ಸುತ್ತಿಕೊಂಡು ಬಂದು ನನ್ನ ಎದುರಿಗೆ ನಿಂತಳು. ಅವಳು ಮಾತಾಡಿದ್ದು ವೆಂಕಟರಾಯಪ್ಪನವರಿಗೆ, ಮುಖವಿದ್ದದ್ದು ನನ್ನ ಕಡೆ.

"ಮೂರಲ್ಲ ಸ್ವಾಮಿ, ಆರು. ಮೊದಲ್ನೇ ಮೂರು ವರ್ಷ ಅವ್ರಿಗೇ ಗೊತ್ತಿರ್ಲಿಲ್ಲ."

ಈ ಆರು ವರ್ಷಗಳಲ್ಲಿ ಅವಳು ಒಮ್ಮೆಯೂ ನನ್ನ ಬೆನ್ನ ಹಿಂದೆ ನಿಂತು ಮಾತಾಡಿರಲಿಲ್ಲ, ತುಟಿ ಕಾಣುವ ಹಾಗೆ ಎದುರಿಗೆ ಬಂದೇ ಮಾತಾಡುತ್ತಿದ್ದಳು. ಅದು ನನಗೆ ಹೊಳೆದದ್ದು ಆಗ.