ಭಾನುವಾರದ ಸದ್ದು

"ತಡಿಯಪ್ಪಾ, ನನ್ನ ಒಂದು ಕಾಲು ಇನ್ನೂ ಬೀದಿಯಲ್ಲೇ ಇದೆ," ಎಂದು ದೊಡ್ಡಕ್ಕ ಕಾರಿನೊಳಗಿನಿಂದ ಹೇಳಿದರು. ಕನ್ನಡಕದಂಗಡಿಯವರು ತಮ್ಮ ಅಕ್ಕನ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಮಡಚಿದ್ದ ಮುಂದಿನ ಸೀಟನ್ನು ಸರಿಮಾಡಿದರು. ಎರಡೇ ಬಾಗಿಲಿನ, ಬೆಣ್ಣೆ ಬಣ್ಣದ ಪುಟ್ಟ ಕಾರು ಅದು, ಅವರಪ್ಪನ ಕಾಲದ್ದು. ಹಿಂದೆ ಎಡಕ್ಕೆ ದೊಡ್ಡಕ್ಕ, ಬಲಕ್ಕೆ ಗ್ಯಾರೇಜಿನ ಪಕ್ಕದ ಶೆಡ್ಡಿನ ವೆಲ್ಡರು, ಇಬ್ಬರ ನಡುವೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಚಿಕ್ಕಪ್ಪ. ಮುಂದಿನ ಸೀಟು ಸತ್ತವರ ಮಗಳಿಗೆಂದು ಬಿಟ್ಟಿದ್ದರು.

ಶವದ ವ್ಯಾನಿನಲ್ಲಿ ಅಪ್ಪನ ಪಕ್ಕ ಒಬ್ಬರಿಗಷ್ಟೇ ಜಾಗವಿತ್ತು, ಅಲ್ಲಿ ಅಮ್ಮ ಕೂತಾಗಿತ್ತು. ಮಗಳು ಕಾರಿನ ಬಾಗಿಲು ಹಿಡಿದು ನಿಂತಳು. ಊರಿನಲ್ಲಿ ಇಷ್ಟು ಗಾಡಿಗಳಿರುವಾಗ ತನ್ನ ಪಾಲಿಗೆ ಇದೇ ಬರಬೇಕೇ ಎನಿಸಿತು. ಈ ಕಾರಿನ ಬಾನೆಟ್ಟು ಕಂಡರೂ ಸಾಕು, ಮೂರು ತಿಂಗಳಿಂದ ಅವಳು ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದಳು.

"ಕೂತ್ಕೋ ತಂಗಿ, ವ್ಯಾನು ಹೊರಟಿತು," ಎಂದರು ಕನ್ನಡಕದಂಗಡಿಯವರು.

ಬೀದಿಯ ಗೇಟುಗಳಲ್ಲಿ ಜನ ನಿಂತಿದ್ದರು. ಬ್ರೆಡ್ಡಿನಂಗಡಿಯವನು ಅರ್ಧ ಶಟರು ಎಳೆದಿದ್ದ. ಸತ್ತವರು ದೊಡ್ಡ ಮನುಷ್ಯರೇನಲ್ಲ, ಐವತ್ತು ವರ್ಷ ಕಾರುಗಳ ಕೆಳಗೆ ಮಲಗಿ ಎದ್ದ ಮೆಕ್ಯಾನಿಕ್ಕು. ಊರೆಲ್ಲ ಕಿವಿಯಣ್ಣ ಎಂದು ಕರೆಯುತ್ತಿತ್ತು. ನಿಜವಾದ ಹೆಸರು ಬೇಕೆಂದರೆ ಅಮ್ಮನನ್ನೇ ಕೇಳಬೇಕು.

"ಏನು ಕಿವಿ ಅಂತೀರಿ ಅವನದು," ಎಂದು ಚಿಕ್ಕಪ್ಪ ಮಂಡಿಗಳ ನಡುವಿನಿಂದ ಶುರು ಮಾಡಿದರು. "ಗಾಡಿ ಇನ್ನೂ ಬೀದಿ ತಿರುವಿನಲ್ಲಿರೋದು. ಇವನು ಇಲ್ಲಿ ಊಟಕ್ಕೆ ಕೂತಲ್ಲೇ, ಎರಡನೇ ಗೇರಿನ ಒಂದು ಹಲ್ಲು ಮುರಿದಿದೆ ಅನ್ನೋನು. ಬಿಚ್ಚಿ ನೋಡಿದ್ರೆ ಒಂದೇ ಹಲ್ಲು. ಎರಡಲ್ಲ, ಒಂದೇ."

ವೆಲ್ಡರು ಮಿತಭಾಷಿ. ಅವರೂ ಗಂಟಲು ಸರಿಮಾಡಿಕೊಂಡರು. "ಮದುವೆಯಾದ ಹೊಸದು. ಹೆಂಡತಿ ಹತ್ರ ಜಗಳ ಆಡ್ಕೊಂಡು ಬಂದು ತಗಡು ಬಡೀತಿದ್ದೆ. ಗೋಡೆ ಆಚೆಯಿಂದ ಕೂಗಿ ಹೇಳಿದ್ರು, ಸುತ್ತಿಗೆ ಕೆಳಗಿಟ್ಟು ಮನೆಗೆ ಹೋಗಿ ಮಾತಾಡಿ ಬಾರಯ್ಯ ಅಂತ. ನಾನು ಯಾರಿಗೂ ಒಂದಕ್ಷರ ಹೇಳಿರಲಿಲ್ಲ."

"ಕೊನೆಗೆ ಅದೇ ಕಿವಿ ಹೋಯ್ತಲ್ಲ, ಪಾಪ," ಎಂದರು ದೊಡ್ಡಕ್ಕ.

ಕನ್ನಡಕದಂಗಡಿಯವರು ಮಗಳ ಕಡೆ ಒಮ್ಮೆ ನೋಡಿ ಕಣ್ಣು ರಸ್ತೆಗೆ ತಿರುಗಿಸಿದರು.

ದೊಡ್ಡಕ್ಕನದು ಒಳ್ಳೆಯ ಮನಸ್ಸು, ಬಾಯಿ ಮಾತ್ರ ಸ್ವಲ್ಪ ಸಡಿಲ. ಬೆಳಿಗ್ಗೆ ಅವರು ಅಮ್ಮನ ಕೈ ಹಿಡಿಯಲು ಬಂದಾಗ ಅಮ್ಮ ಕೈ ಹಿಂದಕ್ಕೆಳೆದುಕೊಂಡು ಮುಖ ತಿರುಗಿಸಿದ್ದನ್ನು ಮಗಳು ಗಮನಿಸಿದ್ದಳು. ಹಾಗೆ ಯಾರಿಗೂ ಮಾಡಿದ ಹೆಂಗಸಲ್ಲ ಅಮ್ಮ. ಸಾವಿನ ಮನೆಯ ಗಲಿಬಿಲಿ ಎಂದುಕೊಂಡು ಮಗಳು ಸುಮ್ಮನಾಗಿದ್ದಳು.

*

ಮೂರು ತಿಂಗಳ ಹಿಂದೆ ಕನ್ನಡಕದಂಗಡಿಯವರು ಗ್ಯಾರೇಜಿಗೆ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತಿದ್ದರು.

"ಗೇರ್‌ಬಾಕ್ಸಿನಲ್ಲಿ ಸದ್ದು. ಆದ್ರೆ ನಗಬೇಡಿ, ಭಾನುವಾರ ಮಾತ್ರ ಬರುತ್ತೆ."

ಮಗಳು ನಕ್ಕೇಬಿಟ್ಟಳು. ಅಪ್ಪ ನಗಲಿಲ್ಲ. ಅವರು ಬಾಗಿಲ ಬಳಿ ಹಳೆಯ ಕಾರಿನ ಸೀಟೊಂದರ ಮೇಲೆ ಕೂತಿದ್ದರು. ಕಿವಿ ಕೇಳದಾಗಿ ಎರಡು ವರ್ಷವಾಗಿತ್ತು. ಎದುರಿನವರ ತುಟಿ ನೋಡಿ, ಉಳಿದದ್ದನ್ನು ಮಗಳು ಕೂಗಿ ಹೇಳಿದರೆ ತಿಳಿದುಕೊಳ್ಳುತ್ತಿದ್ದರು. ಆ ದಿನ ಕಾರನ್ನು ಮುಟ್ಟಲೂ ಇಲ್ಲ. ಕೂತಲ್ಲಿಂದಲೇ ಕೇಳತೊಡಗಿದರು. ಭಾನುವಾರ ಎಲ್ಲಿಗೆ ಹೋಗ್ತೀರಿ? ಅಕ್ಕನನ್ನು ಮನೆಗೆ ಊಟಕ್ಕೆ ಕರೆತರಲು. ಹೋಗುವಾಗ ಸದ್ದು ಇರುತ್ತಾ? ಇಲ್ಲ, ಬರುವಾಗ ಮಾತ್ರ, ಮೂರನೇ ಗೇರಿನಲ್ಲಿ, ಲಿವರು ಅಂಗೈಯಲ್ಲಿ ನಡುಗುತ್ತೆ. ಅಕ್ಕ ಎಲ್ಲಿ ಕೂರ್ತಾರೆ? ಹಿಂದೆ, ಎಡಕ್ಕೆ, ಅಲ್ಲಿಯ ಕಿಟಕಿಯಷ್ಟೇ ತೆರೆಯೋದು.

ಅಪ್ಪ ಕಣ್ಣು ಮುಚ್ಚಿ ಬಲಗೈ ತೊಡೆಯ ಮೇಲಿಟ್ಟುಕೊಂಡರು, ಲಿವರು ಹಿಡಿದವರಂತೆ. ಮಗಳಿಗೆ ಆ ನಿಮಿಷ ಉದ್ದವೆನಿಸಿತು.

"ದೊಡ್ಡಕ್ಕನ್ನ ಕೂರಿಸ್ಕೊಂಡು ಬನ್ನಿ. ಇನ್ನೂ ಇಬ್ಬರು ಮೂವರಿದ್ರೆ ಅವರನ್ನೂ. ಕಾರು ತುಂಬಿರಬೇಕು. ಗೇರ್‌ಬಾಕ್ಸ್ ಬಿಚ್ಚಬೇಡಿ."

ಕನ್ನಡಕದಂಗಡಿಯವರ ಮುಖ ಕೆಂಪಾಯಿತು. ನಿನ್ನ ಭಾರ ನೋಡಬೇಕಂತೆ ಬಾ ಎಂದು ಯಾವ ತಮ್ಮ ತಾನೇ ಅಕ್ಕನಿಗೆ ಹೇಳಿಯಾನು? ಅದನ್ನು ಕಂಡ ಮಗಳು ಅವರನ್ನು ಒಳಗಿನ ಗೋಡೆಯ ಕಡೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಅಂದಳು:

"ಅಪ್ಪನ ಮಾತು ಮನಸ್ಸಿಗೆ ಹಾಕ್ಕೋಬೇಡಿ ಅಣ್ಣ. ವಯಸ್ಸಾಯ್ತು. ಒಂದು ಹೇಳಿದ್ರೆ ಇನ್ನೊಂದು ಕೇಳಿಸುತ್ತೆ ಅವರಿಗೆ. ಕಾರು ಬಿಟ್ಟು ಹೋಗಿ, ನಾನು ಬಿಚ್ಚಿ ನೋಡ್ತೀನಿ."

ಅಪ್ಪನಿಗೆ ಬೆನ್ನು ಮಾಡಿ ಆಡಿದ್ದಳು, ತುಟಿ ಕಾಣದಿರಲೆಂದು. ಆದರೆ ಎದುರುಗಡೆ ಗೋಡೆಯಲ್ಲಿ ಯಾರೋ ಬಿಚ್ಚಿಟ್ಟ ಕಾರಿನ ಕನ್ನಡಿಯೊಂದು ನೇತಾಡುತ್ತಿತ್ತು. ಅದನ್ನು ಅವಳು ಗಮನಿಸಿದ್ದು ಆಮೇಲೆ. ಅಪ್ಪ ಅದರಲ್ಲಿ ನೋಡಿದರೋ ಇಲ್ಲವೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಎರಡು ದಿನ ಒದ್ದಾಡಿ ಗೇರ್‌ಬಾಕ್ಸ್ ಇಳಿಸಿದಳು. ಗೇರುಗಳನ್ನೆಲ್ಲ ತೊಳೆದು ಬಟ್ಟೆಯ ಮೇಲೆ ಸಾಲಾಗಿಟ್ಟಳು. ಅಪ್ಪ ಬಂದು ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಹಲ್ಲು ಸವರಿ ಕೆಳಗಿಟ್ಟರು. "ಚೆನ್ನಾಗಿವೆ ಪುಟ್ಟಿ. ಮುಚ್ಚಿಬಿಡು," ಎಂದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಬರಲಿಲ್ಲ. ಮಾರನೆಯ ದಿನದಿಂದ ಅವರು ಗ್ಯಾರೇಜಿಗೇ ಬರಲಿಲ್ಲ. ಮುಂದಿನ ಭಾನುವಾರ ಸದ್ದು ಮತ್ತೆ ಬಂತು.

ಕನ್ನಡಕದಂಗಡಿಯವರು ದೂರಲಿಲ್ಲ. ಅವಳೂ ಆ ಕಾರಿನ ಮಾತೆತ್ತಲಿಲ್ಲ. ಅಪ್ಪನಿಗೆ ನಿಜವಾಗಿ ಅರಳುಮರಳಾಗಿತ್ತೇ, ಇಲ್ಲ ತಾನೇ ದುಡುಕಿ ಅವರನ್ನು ಮೂಲೆಗೆ ಕೂರಿಸಿದೆನೇ? ಈ ಪ್ರಶ್ನೆ ಹಿಡಿದುಕೊಂಡೇ ಅವಳು ಮೂರು ತಿಂಗಳು ಹಾಸಿಗೆ ಹಿಡಿದ ಅಪ್ಪನಿಗೆ ಗಂಜಿ ಕುಡಿಸಿದ್ದಳು.

*

ಹಿಟ್ಟಿನ ಗಿರಣಿ ದಾಟಿದರೆ ಸ್ಮಶಾನದವರೆಗೂ ಇಳಿಜಾರು. ವ್ಯಾನು ವೇಗ ಹಿಡಿಯಿತು. ಕನ್ನಡಕದಂಗಡಿಯವರು ಮೂರನೇ ಗೇರಿಗೆ ಹಾಕಿದರು.

ಗೊರ್ರ್, ಗೊರ್ರ್, ನಡುನಡುವೆ ಒಂದು ಟಕ್ಕು. ಲಿವರಿನ ಗುಂಡು ಸಣ್ಣಗೆ ನಡುಗಿತು.

"ಬಂತು ನೋಡು," ಎಂದರು ಅವರು ನಾಚಿಕೊಂಡು. "ಇವತ್ತು ಬುಧವಾರ. ಇವತ್ತೂ ಬಂತಲ್ಲ."

ಮಗಳು ಹಿಂದಕ್ಕೆ ತಿರುಗಿ ನೋಡಿದಳು. ಎಡಕ್ಕೆ ದೊಡ್ಡಕ್ಕ. ನಡುವೆ ಚಿಕ್ಕಪ್ಪ. ಬಲಕ್ಕೆ ವೆಲ್ಡರು. ಕಾರು ತುಂಬಿತ್ತು.

"ಅಣ್ಣ, ನ್ಯೂಟ್ರಲ್ ಮಾಡಿ. ಇಂಜಿನ್ ಆಫ್ ಮಾಡಿ."

"ಈಗಲಾ?"

"ಈಗಲೇ."

ಇಂಜಿನ್ನು ನಿಂತಿತು. ಕಾರು ತನ್ನ ಪಾಡಿಗೆ ತಾನು ಇಳಿಯುತ್ತ ಹೋಯಿತು. ಟೈರಿನ ಸರಸರ, ಗಾಳಿ, ಅದರೊಳಗೆ ಗೊರ್ರ್, ಗೊರ್ರ್.

"ಎಲ್ಲರೂ ಬಲಗಡೆ ಒರಗಿ," ಎಂದಳು ಮಗಳು.

"ಯಾಕಮ್ಮ?" ಎಂದರು ದೊಡ್ಡಕ್ಕ.

"ಒರಗಿ ಅಕ್ಕ, ಅಪ್ಪನಿಗೋಸ್ಕರ."

ಐದು ಜನರೂ ಬಲಕ್ಕೆ ವಾಲಿದರು. ವೆಲ್ಡರು ಕಿಟಕಿಯ ಗಾಜಿಗೆ ಕೆನ್ನೆ ಒತ್ತಿ ಕೂತರು. ಸದ್ದು ಸಣ್ಣದಾಯಿತು, ಆಮೇಲೆ ಇಲ್ಲವಾಯಿತು.

"ಈಗ ಎಡಕ್ಕೆ."

ಎಡಕ್ಕೆ ವಾಲಿದರು. ಗೊರ್ರ್, ಗೊರ್ರ್, ಟಕ್ಕು.

"ಇನ್ನೊಂದ್ಸಲ ಬಲಕ್ಕೆ," ಎಂದರು ಚಿಕ್ಕಪ್ಪ. ವಾಲಿದರು. ಮತ್ತೆ ನಿಶ್ಶಬ್ದ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರು, ಪಾಪ, ದುಃಖ ತಡೆಯಲಾರದೆ ಎಲ್ಲರೂ ಹೊರಳಾಡುತ್ತಿದ್ದಾರೆ ಎಂದುಕೊಂಡರು.

"ಗೇರ್‌ಬಾಕ್ಸಿಗೆ ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ," ಎಂದಳು ಮಗಳು ತನಗೆ ತಾನೇ. "ಚಕ್ರಕ್ಕೆ ಗೊತ್ತಾಗುತ್ತೆ. ಎಡಗಡೆ ಹಿಂದಿನ ಚಕ್ರದ ಬೇರಿಂಗು. ಭಾರ ಬಿದ್ದಾಗ ಮಾತ್ರ ಕೂಗುತ್ತೆ. ನಡುಕ ಅಡಿಯ ತಗಡು ಹಿಡಿದು ಬಂದು ಲಿವರನ್ನ ಅಲ್ಲಾಡಿಸುತ್ತೆ."

"ಕಿವಿಯಣ್ಣ ಕಾರು ಓಡಿಸಿಯೂ ಇರಲಿಲ್ಲವಲ್ಲ," ಎಂದರು ವೆಲ್ಡರು.

ಓಡಿಸಿರಲಿಲ್ಲ, ಮುಟ್ಟಿರಲಿಲ್ಲ, ಕೇಳಿಸಿಕೊಂಡಿರಲಿಲ್ಲ. ಒಬ್ಬರ ತುಟಿ ಅಲ್ಲಾಡುವುದನ್ನು ನೋಡಿ, ಕಣ್ಣು ಮುಚ್ಚಿ, ಒಂದು ನಿಮಿಷ ಕೂತಿದ್ದರು ಅಷ್ಟೇ. ಆ ಒಂದು ನಿಮಿಷದಲ್ಲಿ ಅಪ್ಪ ಈ ರಸ್ತೆಯಲ್ಲಿ ಈ ಕಾರು ಓಡಿಸಿಕೊಂಡು ಬಂದಿದ್ದರು, ಹಿಂದೆ ದೊಡ್ಡಕ್ಕನನ್ನು ಕೂರಿಸಿಕೊಂಡು. ಹದಿನೆಂಟು ವರ್ಷ ಈ ಮನುಷ್ಯನ ಪಕ್ಕದಲ್ಲೇ ನಿಂತು ಸ್ಪ್ಯಾನರು ಹಿಡಿದಿದ್ದೇನೆ, ಇವರನ್ನು ನೋಡೇ ಇರಲಿಲ್ಲ ಎಂದು ಮಗಳಿಗೆ ಎನಿಸಿತು.

ಸ್ಮಶಾನದ ಗೇಟಿನ ಮುಂದೆ ಕಾರು ತಾನಾಗಿಯೇ ನಿಂತಿತು. ಅವಳು ಇಳಿದವಳೇ ಒಗೆದ ಸೀರೆಯಲ್ಲೇ ಧೂಳಿಗೆ ಮಂಡಿಯೂರಿ, ಎಡಗಡೆ ಹಿಂದಿನ ಚಕ್ರದ ನಡುವಿಗೆ ಅಂಗೈ ಇಟ್ಟಳು. ಬಿಸಿಯಿತ್ತು. ಎದ್ದು ಸುತ್ತಿ ಹೋಗಿ ಬಲಗಡೆಯದನ್ನು ಮುಟ್ಟಿದಳು. ತಣ್ಣಗಿತ್ತು. ಬೆಳಿಗ್ಗೆ ಅಪ್ಪನ ಕೈ ಹಿಡಿದಾಗಲೂ ಹೀಗೇ ತಣ್ಣಗಿತ್ತು.

ಕನ್ನಡಕದಂಗಡಿಯವರು ಬಂದು ಬಗ್ಗಿ ಎಡದ ಚಕ್ರ ಮುಟ್ಟಿದರು. ಅವರ ಹಿಂದೆ ವೆಲ್ಡರು. ಚಿಕ್ಕಪ್ಪ ಮುಟ್ಟಿ, ಆ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖಕ್ಕೆ ಮಸಿ ಹಚ್ಚಿಕೊಂಡರು. ಸ್ಕೂಟರಿನವರು ಏನು ಎತ್ತ ತಿಳಿಯದೆ ಚಪ್ಪಲಿ ಬಿಟ್ಟು ತಾವೂ ಸಾಲಿನಲ್ಲಿ ನಿಂತರು.

ಅಮ್ಮ ವ್ಯಾನಿನಿಂದ ಇಳಿದು ಬಂದರು. "ಏನೇ ಅದು?"

"ಗೇರ್‌ಬಾಕ್ಸ್ ಅಲ್ಲಮ್ಮ, ಚಕ್ರ. ಅಪ್ಪ ಹೇಳಿದ್ದೇ ಸರಿ. ಬಿಚ್ಚಬೇಡಿ, ದೊಡ್ಡಕ್ಕನ್ನ ಕೂರಿಸ್ಕೊಂಡು ಬನ್ನಿ ಅಂದಿದ್ರು. ನಾನೇ ಕೇಳಲಿಲ್ಲ."

ಅಮ್ಮ ಬೆಚ್ಚಿದರು. "ಏನಂದೆ? ದೊಡ್ಡಕ್ಕ?"

"ಹೂಂ. ಅವರು ಕೂತ್ರೇನೇ ಸದ್ದು ಬರೋದು."

ಅಮ್ಮ ಕಾರಿಗೆ ಕೈ ಕೊಟ್ಟು ನಿಂತರು. "ಕೊನೆ ಮೂರು ದಿನ ಅದೊಂದೇ ಕೇಳ್ತಿದ್ರು ಕಣೇ. ದೊಡ್ಡಕ್ಕ ಬಂದ್ಲಾ, ದೊಡ್ಡಕ್ಕ ಬಂದ್ಲಾ ಅಂತ. ನನ್ನ ಕೈ ಹಿಡ್ಕೊಂಡು ಅವಳನ್ನ ಕೇಳ್ತಾರಲ್ಲ ಅಂತ... ಐವತ್ತು ವರ್ಷ ಬಾಳಿ ನಾನು ಏನೇನೋ ಯೋಚನೆ ಮಾಡ್ಬಿಟ್ಟೆ. ನಿನಗೂ ಹೇಳಲಿಲ್ಲ."

ಹಿಂದಿನ ಸೀಟಿನಿಂದ ಆಗಷ್ಟೇ ಹೊರಬಂದಿದ್ದ ದೊಡ್ಡಕ್ಕನಿಗೆ ಎಲ್ಲವೂ ಕೇಳಿಸಿತ್ತು. ಸೆರಗು ಸರಿಮಾಡಿಕೊಂಡು, ಭಾರದ ಹೆಜ್ಜೆ ಇಡುತ್ತ ವ್ಯಾನಿನ ಹತ್ತಿರ ಹೋದರು. ತೆರೆದ ಬಾಗಿಲಲ್ಲಿ ಬಗ್ಗಿ, ಕಿವಿ ಕೇಳದವರಿಗೆ ಹೇಳುವಂತೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಬಂದಿದ್ದೀನಿ ಕಿವಿಯಣ್ಣ."

ಅಮ್ಮ ಧೂಳಿನಲ್ಲಿ ಕೂತು ಚಕ್ರದ ಮೇಲೆ ಅಂಗೈ ಇಟ್ಟಿದ್ದರು. ಒಳಗಿನಿಂದ ಹೊತ್ತಾಯಿತೆಂದು ಯಾರೋ ಕರೆದರು. ಮಗಳು ಪಕ್ಕದಲ್ಲಿ ಕಾಯುತ್ತ ನಿಂತಳು. ಚಕ್ರ ಆರುವವರೆಗೂ ಅಮ್ಮ ಕೈ ತೆಗೆಯಲಿಲ್ಲ.